ಮೂರು ದಿನದ ತಿಳಿನೀರು

ತೀರಿಕೊಂಡ ಅಪ್ಪನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದ ಮಗಳನ್ನು ಮೇಸ್ತ್ರಿ ಬಾಗಿಲಾಚೆಯಿಂದ ಕೈಸನ್ನೆ ಮಾಡಿ ಕರೆದ. ಅಂಗಳದಲ್ಲಿ ಅಪ್ಪನ ಬಣ್ಣದ ಕಾರ್ಖಾನೆಯ ಅಷ್ಟೂ ಜನ ಸೇರಿದ್ದರು. ಯಜಮಾನರು ಹಳ್ಳಕ್ಕೆ ಒಂದು ತೊಟ್ಟು ಕೊಳೆನೀರು ಬಿಟ್ಟವರಲ್ಲ, ಒಬ್ಬ ಆಳನ್ನೂ ಮನೆಗೆ ಕಳಿಸಿದವರಲ್ಲ ಎಂದು ಬಾಯ್ತುಂಬ ಹೊಗಳುತ್ತಿದ್ದರು. ಸತ್ತವರನ್ನು ಹೊಗಳಿದರೆ ಯಾರ ಗಂಟೂ ಹೋಗುವುದಿಲ್ಲ, ನಿಜ. ಆದರೂ ಅವಳಿಗೆ ಎದೆ ತುಂಬಿ ಬಂದಿತ್ತು.

ಮೇಸ್ತ್ರಿ ಅವಳನ್ನು ಹಿತ್ತಲಿಗೆ ಕರೆದೊಯ್ದ.

"ನಾಳೆ ಕಾರ್ಖಾನೆ ಬಾಗಿಲು ತೆಗೆಯೋ ಮುಂಚೆ ನಿಮಗೆ ಗೊತ್ತಿರ್ಬೇಕಮ್ಮಾ. ನೀರು ಶುದ್ಧ ಮಾಡೋ ತೊಟ್ಟಿ ನಿಂತು ಎಂಟು ತಿಂಗಳಾಯ್ತು. ಬಣ್ಣದ ನೀರೆಲ್ಲಾ ನೇರ ಹಳ್ಳಕ್ಕೇ ಹೋಗ್ತಿದೆ."

"ಅಪ್ಪನಿಗೆ ಗೊತ್ತಿತ್ತಾ?"

"ಸ್ವಿಚ್ ಆರಿಸಿದ್ದೇ ಅವರು."

*

ಎಂಟು ತಿಂಗಳ ಹಿಂದೆ ದೊಡ್ಡ ಗಿರಾಕಿ ನೂಲಿಗೆ ಬಣ್ಣ ಹಾಕುವ ದರ ಇಳಿಸಿದ್ದ. ಒಪ್ಪದಿದ್ದರೆ ಕಾರ್ಖಾನೆಗೇ ಬೀಗ. ಒಪ್ಪಿದರೆ ಒಂಬತ್ತು ಆಳುಗಳನ್ನು ಬಿಡಬೇಕು, ಇಲ್ಲವೇ ಅಷ್ಟೇ ದುಡ್ಡು ನುಂಗುವ ತೊಟ್ಟಿಯನ್ನು ನಿಲ್ಲಿಸಬೇಕು. ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತ ಅಪ್ಪ, ಒಂಬತ್ತು ಹೆಸರು ಬರೆದುಕೊಡು ಎಂದಿದ್ದ. ಅವಳು ಬರೆದುಕೊಟ್ಟಳು. ಅಷ್ಟೂ ಮನೆಗಳ ಕಷ್ಟಸುಖ ಅವನಿಗೆ ಬಾಯಿಪಾಠ. ಚೀಟಿಯನ್ನು ಮಡಿಸಿ ಜೇಬಿಗಿಟ್ಟವನು ಮತ್ತೆ ಆ ಸುದ್ದಿ ಎತ್ತಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಹೇಗೋ ನಿಭಾಯಿಸಿದನಲ್ಲ ಎಂದು ಅವಳಿಗೆ ಹಾಯೆನಿಸಿತು. ಹೇಗೆ ಎಂದು ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲ.

ಹಳ್ಳದ ನೀರು ಕೆಟ್ಟು ಕಪ್ಪಾದಾಗ ಎಲ್ಲರೂ ಮೇಲ್ಗಡೆಯ ಹೊಸ ಕಾರ್ಖಾನೆಗೆ ಹಿಡಿಶಾಪ ಹಾಕಿದರು. ಅವಳೂ ಹಾಕಿದಳು. ಆ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

*

ಮಣ್ಣು ಮಾಡಿ ಹಿಂದಿರುಗುವಾಗ ಮೇಸ್ತ್ರಿ ಪಕ್ಕದಲ್ಲೇ ನಡೆದು ಬಂದ. ನಾಳೆ ತೊಟ್ಟಿ ಶುರು ಮಾಡಲೇ ಎಂದು ಕೇಳಿದ. ಮಾಡಿದರೆ ಒಂಬತ್ತು ಜನ ಹೋಗಬೇಕೆಂದು ಇಬ್ಬರಿಗೂ ಗೊತ್ತಿತ್ತು.

"ಆ ಚೀಟೀಲಿ ನನ್ನ ಹೆಸರೂ ಇತ್ತಂತೆ," ಎಂದ, ಅವಳ ಮುಖ ನೋಡದೆ.

ವಯಸ್ಸಾದವನೆಂದು ಅವಳು ಮೊದಲು ಬರೆದದ್ದೇ ಅವನ ಹೆಸರು. ಕಾರ್ಖಾನೆ, ಆಳು, ಹಳ್ಳ ಮೂರನ್ನೂ ಉಳಿಸುವ ದಾರಿ ಅಪ್ಪನಿಗೇ ಕಾಣಲಿಲ್ಲ, ಇನ್ನು ಅವಳಿಗೆಲ್ಲಿ ಕಾಣಬೇಕು?

"ಬೇಡ. ಇದ್ದ ಹಾಗೇ ನಡೀಲಿ."

ಹೇಳಿದ ಮೇಲೆ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹಳ್ಳದ ದಂಡೆಯಲ್ಲಿ ಹೆಂಗಸರು ಬಿಂದಿಗೆ ತುಂಬುತ್ತಿದ್ದರು. ಅಪ್ಪ ಆಸ್ಪತ್ರೆ ಸೇರಿದಂದಿನಿಂದ ಮೂರು ದಿನ ಕಾರ್ಖಾನೆ ಮುಚ್ಚಿತ್ತು. ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾಗಿತ್ತು. ಕೆಳಗಡೆ ಸೊಪ್ಪು ಬೆಳೆಯುವ ಮುದುಕಿ ಬಂದು ಅವಳ ಕೈ ಹಿಡಿದುಕೊಂಡಳು.

"ನೋಡು ಮಗಳೇ, ನೀರು ಹೇಗಾಗಿದೆ. ಸಾಯೋ ಮುಂಚೆ ನಿಮ್ಮಪ್ಪ ಆ ಮೇಲಿನವರ ಹತ್ರ ಮಾತಾಡಿರ್ಬೇಕು. ಅವರ ಮಾತು ಯಾರು ತೆಗೆದುಹಾಕ್ತಾರೆ?"

ಅತ್ತು ಅತ್ತು ಗಂಟಲು ಒಣಗಿರುತ್ತದೆ, ಮೊದಲು ನೀನು ಕುಡಿ ಎಂದು ಮುದುಕಿ ಬೊಗಸೆಯಲ್ಲಿ ನೀರೆತ್ತಿ ಅವಳ ತುಟಿಗೆ ಹಿಡಿದಳು. ಅವಳು ಬಗ್ಗಿದಳು. ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೆಯಲೇ ಎಂದು ಹಿಂದಿನಿಂದ ಮೇಸ್ತ್ರಿ ಮೆಲ್ಲಗೆ ಕೇಳಿದ. ಬಾಯಲ್ಲಿ ನೀರಿದ್ದುದರಿಂದ ಅವಳು ಬರೀ ಹೂಂ ಎಂಬಂತೆ ತಲೆಯಾಡಿಸಿದಳು.