ಡಾಕ್ಟರಿಗೂ ಹೇಳದ ಗೆಡ್ಡೆ

ನಮ್ಮ ಕೆಲವು ಮನೆಗಳಲ್ಲಿ ಕ್ಯಾನ್ಸರ್ ಎಂಬ ಹೆಸರನ್ನೇ ಎತ್ತುವುದಿಲ್ಲ. ಕೆ.ಆರ್. ಪುರದ ಅಕ್ಕಯಮ್ಮನ ಸ್ತನದಲ್ಲಿ ಗೆಡ್ಡೆ ಸಿಕ್ಕಿ, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗಲೂ ಮನೆಯವರು ಅದನ್ನು ‘ಅದು’ ಎಂದೇ ಕರೆದರು. ಮಗಳು ಯಮುನಾಳನ್ನು ನೋಡಲು ಮಹದೇವಪುರದಿಂದ ಗಂಡಿನ ಕಡೆಯವರು ಬಂದುಹೋಗಿದ್ದರು. ಹೆಣ್ಣಿನ ತಾಯಿಗೆ ‘ಅದು’ ಇದೆ ಎಂದು ತಿಳಿದರೆ ಮಾತು ಮುರಿಯುತ್ತದೆ ಎಂಬ ಭಯ. ಗೆಡ್ಡೆಯ ಆಪರೇಷನ್ ಮುಂದಿನ ತಿಂಗಳಿತ್ತು. ನೆಂಟರಿಗೆ ತಿರುಪತಿ ಯಾತ್ರೆ ಎನ್ನುವುದೆಂದು ತೀರ್ಮಾನವಾಗಿತ್ತು.

ಅವರೆಕಾಯಿಯ ಕಾಲ. ಕಾಯಿ ಸುಲಿಯುತ್ತಾ ಕೂತಿದ್ದ ಅಕ್ಕಯಮ್ಮನಿಗೆ ಎದೆ ಹಿಂಡಿದಂತಾಯಿತು. ನೋವು ಎಡತೋಳಿಗೂ ಇಳಿದು, ಮೈಯೆಲ್ಲ ಬೆವರಿತು. ಗಂಡ ಮುನಿಆಂಜನಪ್ಪ ತಡಮಾಡದೆ ಆಸ್ಪತ್ರೆಗೆ ಸೇರಿಸಿದ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಅದನ್ನು ತೆರೆದಿಡಲು ನಾಳೆ ಸ್ಟೆಂಟ್ ಎಂಬ ಸಣ್ಣ ಬಲೆಯ ಕೊಳವೆ ಹಾಕಬೇಕು ಎಂದರು ಡಾಕ್ಟರು.

“ಬೇರೆ ಏನಾದ್ರೂ ಕಾಯಿಲೆ ಇದೆಯೇನಮ್ಮ?”

“ಇಲ್ಲ ಸಾರ್.”

ಸಂಜೆ ಪಕ್ಕದ ಮನೆಯ ಶಕೀಲಾ ನೋಡಲು ಬಂದಳು. ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ಗೆಡ್ಡೆಯ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದವಳೂ ಅವಳೇ.

“ಗೆಡ್ಡೆ ವಿಷ್ಯ ಹೇಳಿದ್ರಾ ಅಕ್ಕಾ?”

“ಮೆತ್ತಗೆ ಮಾತಾಡೇ! ಪಕ್ಕದ ಮಂಚದೋಳಿಗೆ ಮಹದೇವಪುರದಾಗೆ ನೆಂಟ್ರವ್ರೆ.”

“ಡಾಕ್ಟ್ರೇನು ಗಂಡಿನ ಕಡೆಯವ್ರಾ?”

ಮಂಚದ ಪಕ್ಕ ಕೂತಿದ್ದ ಯಮುನಾ ನಕ್ಕಳು. ಅಕ್ಕಯಮ್ಮ ನಗಲಿಲ್ಲ. “ಹೋಗೋ ಜೀವಕ್ಕೆ ಸ್ಟೆಂಟ್ ಯಾಕೆ ಅಂತ ಅವ್ರು ಕೈಬಿಟ್ಬುಟ್ರೆ? ಇವಳ ಮದ್ವೆ ನೋಡ್ದಂಗೆ ಹೋಗ್ಬೇಕಾ ನಾನು?”

“ಅರೆ, ಯಾರಕ್ಕಾ ಹೇಳಿದ್ದು? ಕ್ಯಾನ್ಸರ್ ಇದ್ದೋರಿಗೂ ಸ್ಟೆಂಟ್ ಹಾಕ್ತಾರೆ. ಎಷ್ಟೋ ಜನ ಚೆನ್ನಾಗಿದ್ದಾರೆ. ಆದ್ರೆ ಅವ್ರಿಗೆ ರಕ್ತ ಹೋಗೋ ಭಯ, ಹೆಪ್ಪುಗಟ್ಟೋ ಭಯ ಎರಡೂ ಸ್ವಲ್ಪ ಜಾಸ್ತಿ. ಸ್ಟೆಂಟ್ ಹಾಕಿದ್ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಬಗೆ ಮಾತ್ರೆ ಕೊಡ್ತಾರೆ. ಬೇಗ ನಿಲ್ಸಿದ್ರೆ ಸ್ಟೆಂಟೇ ಕಟ್ಕೋಬಹುದು. ನಿಲ್ಸದೆ ಗೆಡ್ಡೆ ಆಪರೇಷನ್ ಮಾಡಿದ್ರೆ ರಕ್ತ ಜಾಸ್ತಿ ಹೋಗ್ಬಹುದು. ಎರಡೂ ಗೊತ್ತಿದ್ರೆ ತಾನೇ ಡಾಕ್ಟ್ರು ದಾರಿ ಹುಡುಕೋದು?”

ಅಕ್ಕಯಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಗಂಡಿನ ಕಡೆಯವರ ಭಯ ನಿಜವೇ. ಆದರೆ ಆ ಹೆಸರನ್ನು ತನ್ನ ಬಾಯಿಂದಲೇ ಕೇಳುವ ಭಯ ಅದಕ್ಕಿಂತ ದೊಡ್ಡದಿತ್ತು.

ಬೆಳಿಗ್ಗೆ ಡಾಕ್ಟರು ಬಂದಾಗ ಅವಳು ಮಗಳ ಕೈ ಹಿಡಿದುಕೊಂಡಳು. “ಸಾರ್, ನಂಗೆ ಕ್ಯಾನ್ಸರ್ ಐತೆ.”

“ಈಗಲಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು,” ಎಂದರು ಅವರು. ಕ್ಯಾನ್ಸರ್ ಡಾಕ್ಟರಿಗೆ ಆಗಲೇ ಫೋನ್ ಮಾಡಿದರು. ಹಾಕಬೇಕೆಂದಿದ್ದ ಸ್ಟೆಂಟ್ ಬಿಟ್ಟು, ಆ ಎರಡೂ ಮಾತ್ರೆಗಳನ್ನು ಹೆಚ್ಚು ಕಾಲ ನುಂಗಬೇಕಿಲ್ಲದ ಬೇರೆ ಬಗೆಯ ಸ್ಟೆಂಟ್ ಹಾಕಿದರು. ಗೆಡ್ಡೆಯ ಆಪರೇಷನ್ ಕೆಲವು ವಾರ ಮುಂದೆ ಹೋಯಿತು. ಎರಡೂ ಚೆನ್ನಾಗಿ ಆದವು.

ಪಕ್ಕದ ಮಂಚದವಳು ಸುಮ್ಮನಿರಲಿಲ್ಲ. ಸುದ್ದಿ ಮಹದೇವಪುರ ಮುಟ್ಟಿತು. ಒಂದು ಮಧ್ಯಾಹ್ನ ಗಂಡಿನ ತಾಯಿ ಒಬ್ಬಳೇ ಬಂದು, ಅಕ್ಕಯಮ್ಮನ ಪಕ್ಕ ಕೂತು, ಸೆರಗು ಸರಿಮಾಡಿಕೊಂಡಳು. “ನಂಗೂ ಅದೇ ಆಗಿತ್ತು ಕಣಕ್ಕ. ಗೊತ್ತಾದ್ರೆ ನೀವೆಲ್ಲಿ ಹೆಣ್ಣು ಕೊಡಲ್ವೋ ಅಂತ ನಾವೂ ಮುಚ್ಚಿಟ್ಟಿದ್ವಿ.”

ಅಕ್ಕತಂಗಿಯರೇ, ನೆಂಟರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ಹೃದಯದ ಡಾಕ್ಟರಿಗೆ ಕ್ಯಾನ್ಸರ್ ವಿಷಯ, ಕ್ಯಾನ್ಸರ್ ಡಾಕ್ಟರಿಗೆ ಸ್ಟೆಂಟ್ ವಿಷಯ ತಪ್ಪದೆ ಹೇಳಿ. ಹೃದಯದ ಡಾಕ್ಟರನ್ನು ಕೇಳದೆ ಬೇರೆ ಯಾರ ಮಾತಿಗೂ ಸ್ಟೆಂಟಿನ ಮಾತ್ರೆ ನಿಲ್ಲಿಸಬೇಡಿ. ಎದೆನೋವು ಬಂದರೆ ಗ್ಯಾಸ್ ಎಂದು ಕೂರದೆ ಆಸ್ಪತ್ರೆಗೆ ಹೊರಡಿ. ಆ ಹೆಸರು ನಾಲಿಗೆಗೆ ಬರದಿದ್ದರೆ, ಅಕ್ಕಯಮ್ಮನ ಹಾಗೆ ಯಾರದಾದರೂ ಕೈ ಹಿಡಿದುಕೊಂಡು ಹೇಳಿ.