ಹದಿಮೂರು ರಾಜ್ಯ ಒಪ್ಪಿದರೆ ಸಾಕಂತೆ

ಹದಿನೆಂಟು ಎಂದಿತೇ ರೇಡಿಯೋ, ಹೌದು, ಹದಿನೆಂಟೇ ಎಂದಿತು, ಇನ್ನು ಮೇಲೆ ಇಪ್ಪತ್ತೊಂದು ಬೇಕಿಲ್ಲ, ಹದಿನೆಂಟು ತುಂಬಿದವರಿಗೆಲ್ಲ ವೋಟು, ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಒಪ್ಪಿವೆ, ರಾಷ್ಟ್ರಪತಿಗಳ ಸಹಿಯೂ ಬಿದ್ದಿದೆ — ಅಷ್ಟು ಹೇಳಿ ಧಾರವಾಡ ಕೇಂದ್ರದ ಹೆಣ್ಣುದನಿ ಮೆಣಸಿನಕಾಯಿ ಧಾರಣೆಗೆ ಹೋಗಿಬಿಟ್ಟಿತು, ಶಂಭುಲಿಂಗಪ್ಪನ ಕೈಯ ರೊಟ್ಟಿ ಪಲ್ಯದಲ್ಲೇ ನಿಂತಿತು, ಯಾರನ್ನು ಕೇಳಿ ಒಪ್ಪಿದರು ಇವರು, ಈ ಸಂಶಿ ಊರಲ್ಲಿ ತನ್ನನ್ನಂತೂ ಯಾರೂ ಕೇಳಲಿಲ್ಲ. ಏಕನಾಥ ಮಾಸ್ತರ ಹೋದ ವಾರವೇ ಶಾಲೆಯ ಕಟ್ಟೆಯ ಮೇಲೆ ಬಿಡಿಸಿ ಹೇಳಿದ್ದ, ದಿಲ್ಲಿಯ ಎರಡೂ ಸಭಾ ಪಾಸ್ ಮಾಡಿದ್ರಷ್ಟ ಸಾಲೂದಿಲ್ರೀ ಗೌಡ್ರ, ಇಂಥಾ ತಿದ್ದುಪಡಿಗೆ ರಾಜ್ಯದವರೂ ಹ್ಞೂಂ ಅನಬೇಕು, ಇಪ್ಪತ್ತೈದರಾಗ ಹದಿಮೂರು ಅಂದ್ರ ಮುಗೀತು. ಉಳಿದ ಹನ್ನೆರಡು, ಎಂದು ಶಂಭುಲಿಂಗಪ್ಪ ಕೇಳಿದ್ದ. ಅವು ಒಲ್ಲೆ ಅಂದ್ರೂ ಅವಕ್ಕೂ ಅದ ಕಾಯ್ದೆ. ಒಂದ ಅಕ್ಷರ ತಿದ್ದಾಕರ ಬಿಡ್ತಾರೇನು? ಇಲ್ರೀ, ಹ್ಞೂಂ ಇಲ್ಲಾ ಉಹ್ಞೂಂ, ಅಷ್ಟ. ಹಂಗಾರ ನಮ್ಮ ಬೆಂಗಳೂರು ಏನಂದೈತಿ? ಮಾಸ್ತರ ಕನ್ನಡಕ ಒರೆಸಿಕೊಂಡ, ಅದು ನನಗ ಪೇಪರಿನ್ಯಾಗ ಕಾಣಲಿಲ್ರೀ. ಕಾಣಲಿಲ್ಲವಂತೆ! ಹದಿಮೂರು ಮಂದಿಯ ತಲೆ ಆಡಿಸಿ ಉಳಿದವರ ಬಾಯಿ ಮುಚ್ಚಿಸುವುದು, ಕೇಳಿದ ಶಾಸ್ತ್ರ ಮಾಡುವುದು, ಈ ಆಟ ಶಂಭುಲಿಂಗಪ್ಪನಿಗೆ ಗೊತ್ತಿಲ್ಲವೇ, ಎಲೆಕ್ಷನ್ ಬಂತೆಂದರೆ ಊಟಕ್ಕೆ ಕೂತಾಗ ಈ ಗುರುತಿಗೆ ಹಾಕೂಣೇನು ಎಂದು ಅವನೂ ಮನೆಯವರನ್ನೆಲ್ಲ ಕೇಳುತ್ತಾನೆ, ಇಲ್ಲ ಎಂದವರು ಇದುವರೆಗೆ ಒಬ್ಬರೂ ಇಲ್ಲ.

ಮನೆಯ ಆ ಏಳು ವೋಟು ಒಂದೇ ಮುಷ್ಟಿಯಲ್ಲಿವೆ ಎಂದೇ ಅಲ್ಲವೇ ಶಾಸಕರ ಜೀಪು ಅವನ ಬಾಗಿಲಲ್ಲಿ ನಿಲ್ಲುವುದು, ಅದು ಸಡಿಲವಾದರೆ ಶಂಭುಲಿಂಗಪ್ಪನನ್ನು ಕೇಳುವವರು ಯಾರು, ಹೆದರಿಕೆಯೇ ಆಯಿತು ಅವನಿಗೆ, ಈಗ ಎಂಟನೆಯದು ಬಂತು, ಸೊಸೆ ಗೌರಕ್ಕನದು, ಹತ್ತೊಂಬತ್ತರ ಹುಡುಗಿ, ಕುಂದಗೋಳದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು, ಚುರುಮುರಿ ಕಟ್ಟಿದ ಪೇಪರನ್ನೂ ಬಿಡದೆ ಓದುವವಳು, ಏನು ಓದುತ್ತಾಳೋ. ನಿಂದೂ ವೋಟ ಬಂತವಾ, ನಾ ಹೇಳಿದ ಗುರ್ತಿಗೇ ಮತ್ತ, ಎಂದ. ಅವಳು ಮಜ್ಜಿಗೆ ಬಡಿಸುತ್ತ, ಮಾವಾರ, ಅಲ್ಲೆ ಸಭಾದಾಗ ಯಾರ ಒಪ್ಪಿದ್ರು ಯಾರ ಒಲ್ಲೆ ಅಂದ್ರು ಅಂತ ಗೊತ್ತಾಗ್ತೈತೇನ್ರಿ? ಆಗಲಾರದೇನು, ಎಲ್ಲಾರ ಮುಂದ ಕೈ ಎತ್ತತಾರ. ಮತ್ತ ನಮ್ದು? ನಮ್ದು ಮರಿಗೆ ಹೋಗಿ ಚೀಟಿ ಮ್ಯಾಲ ಶಿಕ್ಕಾ ಹೊಡೀಬೇಕು — ಎಂದವನು ತನ್ನ ಮಾತನ್ನೇ ಮತ್ತೊಮ್ಮೆ ಕೇಳಿಸಿಕೊಂಡ, ಮರೆಗೆ, ಅಲ್ಲಿ ಗೌಡನಿಲ್ಲ, ಮಾವನಿಲ್ಲ, ಮತ್ತು ಅದೇ ಹೊತ್ತಿಗೆ ಒಲೆಯ ಮುಂದೆ ಹೆಂಡತಿ ಸುಶೀಲವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಯಾಕೆ ನಕ್ಕಳು, ಸೊಸೆ ಮಾತಿಗೋ, ತನಗೋ, ಇದರಲ್ಲಿ ನಗುವಂಥದ್ದೇನಿದೆ — ಎರಡು ವರ್ಷದ ಹಿಂದೆ ಮಂಡಲ ಪಂಚಾಯ್ತಿ ಎಣಿಕೆಯಲ್ಲಿ ಓಣಿಯಿಂದ ಅವನ ಲೆಕ್ಕಕ್ಕೆ ಅರವತ್ನಾಲ್ಕು ಬರಬೇಕಿತ್ತು, ಅರವತ್ಮೂರು ಬಂದವು, ಅವನ ಮನುಷ್ಯ ಗೆದ್ದರೂ ಆ ಒಂದು ವೋಟು ಅವನಿಗೆ ನಿದ್ದೆ ಕೊಡಲಿಲ್ಲ, ಬದುವಿನ ಜಗಳ ಮಾಡಿದ್ದ ತಮ್ಮ ಈರಬಸಪ್ಪನದೇ ಎಂದು ತೀರ್ಮಾನಿಸಿ ಅಂದಿನಿಂದ ಅವನ ಹೊಸ್ತಿಲು ತುಳಿದಿಲ್ಲ, ಅವನ ಮಗಳ ಮದುವೆಗೂ ಹೋಗಲಿಲ್ಲ, ಸುಶೀಲವ್ವ ಮಾತ್ರ ಅಂದೂ ಆಮೇಲೂ ಒಂದೇ ಮಾತು, ಮೈದುನಾರ ಹಾಕಿಲ್ಲ ಬಿಡ್ರಿ, ನನಗ ಗೊತ್ತೈತಿ, ಮರುಕ ಎಂದುಕೊಂಡಿದ್ದ ಅವನು, ಹೆಂಗಸರ ಮರುಕ, ನನಗ ಗೊತ್ತೈತಿ — ಹೇಗೆ ಗೊತ್ತು, ಮರೆಯಲ್ಲಿ ಹಾಕಿದ್ದು ಹಾಕಿದವರನ್ನು ಬಿಟ್ಟು ಇನ್ನಾರಿಗೆ ಗೊತ್ತು, ಈರಬಸಪ್ಪ ಅಲ್ಲ ಎಂದು ಇವಳಿಗೆ ಹೇಗೆ — ಇನ್ನೊಂದ ರೊಟ್ಟಿ ಹಾಕ್ಲೇನ್ರಿ ಎನ್ನುತ್ತಿದ್ದಾಳೆ, ಇಳಕಲ್ ಸೀರೆಯ ಕೆಂಪು ಸೆರಗು ಇನ್ನೂ ಬಾಯಿಗೆ ಅಡ್ಡ ಇದೆ, ಮದುವೆಯಾಗಿ ಮೂವತ್ತು ವರ್ಷ, ಎಷ್ಟು ಎಲೆಕ್ಷನ್ನು, ಕೆಂಪು ಸೆರಗು, ಅದರ ಹಿಂದೆ ಬಾಯಿ ಕಾಣುತ್ತಿಲ್ಲ.