ಅರಳೆಯ ಕಂಕುಳಿನ ಗಂಟು

ನಡುರಾತ್ರಿ ಮುಂದಿನ ಕೋಣೆಯಿಂದ ‘ಕಚ್’ ಎಂದು ಕತ್ತರಿಯ ಸದ್ದು ಕೇಳಿತು. ಟೈಲರ್ ಆಗಿರುವ ಮಗ ಅರ್ಜೆಂಟ್ ಬಟ್ಟೆ ಮುಗಿಸುತ್ತಿರಬೇಕು ಎಂದುಕೊಂಡು ಅಜ್ಜಿ ಮಗ್ಗುಲಾದರು. ಆದರೆ ಕೇಳಿದ್ದು ಅದೊಂದೇ ಸದ್ದು. ಆಮೇಲೆ ಮೆಷಿನ್ ಓಡಲಿಲ್ಲ.

ಮನೆಯಲ್ಲೊಂದು ಬಿಳಿ ಪರ್ಷಿಯನ್ ಬೆಕ್ಕಿತ್ತು. ಚಪ್ಪಟೆ ಮುಖ, ಗಿಡ್ಡ ಕಾಲು, ನೆಲ ಗುಡಿಸುವಷ್ಟು ಉದ್ದದ ಕೂದಲು. ಹೆಸರು ಅರಳೆ. ಕಣ್ಣು ಮಂಜಾದ ಅಜ್ಜಿಗೆ ದಿನವಿಡೀ ಅದೇ ಜೊತೆ. ಊರು ಬಿಟ್ಟು ಹೋದ ಗಿರಾಕಿಯೊಬ್ಬರು ಕೊಟ್ಟದ್ದು. ಹೇಗೆ ಸಾಕಬೇಕೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಅಂದು ಸಂಜೆಯಷ್ಟೇ, ಪ್ರಾಣಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಎದುರುಮನೆಯಾಕೆ ಅದನ್ನು ಎತ್ತಿಕೊಂಡು ಮುಖ ಕಿವುಚಿದ್ದಳು.

“ಅಣ್ಣಾ, ಇದರ ಕಂಕುಳಲ್ಲಿ ಕೂದಲು ಗಂಟು ಕಟ್ಟಿದೆಯಲ್ಲ. ನೀವು ಬಾಚೋದೇ ಇಲ್ವಾ?”

“ಬೆಕ್ಕು ತಾನೇ ನೆಕ್ಕಿಕೊಳ್ಳುತ್ತೆ ಕಣಮ್ಮ. ನನ್ನ ತಲೆ ಬಾಚೋಕೇ ಪುರುಸೊತ್ತಿಲ್ಲ,” ಎಂದ ಟೈಲರ್.

“ನಿಮ್ಮ ತಲೇಲಿ ಬಾಚೋಕೆ ಏನು ಉಳಿದಿದೆ?” ಎಂದಳು ಅವನ ಹೆಂಡತಿ.

ನರ್ಸ್ ನಗಲಿಲ್ಲ. “ಇಷ್ಟುದ್ದದ ಕೂದಲು ಬರೀ ನಾಲಿಗೆಗೆ ಬಗ್ಗಲ್ಲ. ನುಂಗಿದ್ದು ಹೊಟ್ಟೇಲಿ ಉಂಡೆ ಕಟ್ಟುತ್ತೆ. ದಿನಾ ಲೋಹದ ಬಾಚಣಿಗೇಲಿ ಬಾಚಬೇಕು. ಒದ್ದೆ ಬಟ್ಟೇಲಿ ಕಣ್ಣು ಒರೆಸಬೇಕು. ಈ ಗಂಟಿಗೆ ಮಾತ್ರ ನೀವು ಕತ್ತರಿ ಹಾಕಬೇಡಿ. ನಾಳೆ ಆಸ್ಪತ್ರೆಗೆ ತನ್ನಿ, ಕೂದಲು ತೆಗೆಯೋ ಮೆಷಿನ್ನಲ್ಲಿ ಮೆಲ್ಲಗೆ ತೆಗೀತಾರೆ.”

“ಕತ್ತರಿ ಹಿಡಿಯೋದನ್ನ ನನಗೇ ಹೇಳಿಕೊಡ್ತೀಯಾ?”

ಆ ರಾತ್ರಿಯ ನಂತರ ಅರಳೆ ಅಜ್ಜಿಯ ಮಡಿಲಿಗೆ ಬರಲಿಲ್ಲ. ಬೀರುವಿನ ಕೆಳಗೆ ಸೇರಿಕೊಂಡಿತು. ಕೂಗಲಿಲ್ಲ, ಪರಚಲಿಲ್ಲ. “ಪಾಪ, ಎಷ್ಟು ಸೌಮ್ಯ ನೋಡಿ,” ಎಂದರು ಗಿರಾಕಿಗಳು. “ಮುನಿಸು, ಹಸಿವಾದರೆ ತಾನೇ ಬರುತ್ತೆ,” ಎಂದಳು ಹೆಂಡತಿ. ಟೈಲರ್ ತಲೆ ಎತ್ತದೆ ಹೊಲಿಯುತ್ತಿದ್ದ.

ಕೆಲವು ದಿನ ಕಳೆದು ಕೆಟ್ಟ ವಾಸನೆ ಬಂದಾಗ ಅಜ್ಜಿಯೇ ನರ್ಸನ್ನು ಕರೆಸಿದರು. ಅವಳು ಅರಳೆಯನ್ನು ಮೆಲ್ಲಗೆ ಹೊರತೆಗೆದು ಕೂದಲು ಬಿಡಿಸಿ ನೋಡಿದಳು. ಕಂಕುಳಲ್ಲಿ ಚರ್ಮ ಸೀಳಿ ಕೀವು ತುಂಬಿತ್ತು.

“ಈ ಕೂದಲಿನ ಅಡಿ ಗಾಯ ಕಾಣಲ್ಲ. ಈ ಬೆಕ್ಕುಗಳು ನೋವು ಅಂತ ಕೂಗೋದೂ ಕಮ್ಮಿ. ಸುಮ್ಮನಿದೆ ಅಂದ್ರೆ ಸುಖವಾಗಿದೆ ಅಂತಲ್ಲ,” ಎಂದಳು. “ಆದ ದಿನವೇ ತಂದಿದ್ದರೆ ನಾಲ್ಕು ಹೊಲಿಗೇಲಿ ಮುಗೀತಿತ್ತು.”

ಆಸ್ಪತ್ರೆಗೆ ಒಯ್ದರು. ಅರಳೆ ಬದುಕಲಿಲ್ಲ.

ಮನೆಗೆ ಬಂದ ಮೇಲೆ ಟೈಲರ್ ಬಾಯಿಬಿಟ್ಟ. “ಅವತ್ತು ರಾತ್ರಿ ಬಟ್ಟೆಯ ಸುಕ್ಕು ಎತ್ತಿದ ಹಾಗೆ ಗಂಟು ಎತ್ತಿ ಹಿಡಿದೆ ಅಮ್ಮಾ. ಅದರ ಜೊತೆ ಚರ್ಮವೂ ಎದ್ದು ಬಂದಿತ್ತು, ಗೊತ್ತಾಗದೆ ಕತ್ತರಿ ಹಾಕಿಬಿಟ್ಟೆ. ಹೇಳೋಕೆ ಮುಖ ಇರಲಿಲ್ಲ.”

“ನಾನು ಬೈತಿದ್ದೆ,” ಎಂದಳು ಹೆಂಡತಿ. “ಬೈಸಿಕೊಂಡಿದ್ದರೆ ಅದು ಬದುಕ್ತಿತ್ತು. ಬೇರೆಯವರ ಮನೇಲಾದರೂ ಹೀಗಾಗಬಾರದು.”

ಉದ್ದ ಕೂದಲಿನ ಬೆಕ್ಕನ್ನು ಅಂದಕ್ಕೆ ಮರುಳಾಗಿ ಮನೆಗೆ ತರುವವರೇ, ದಿನವೂ ಅದರ ಮುಂದೆ ಬಾಚಣಿಗೆ ಹಿಡಿದು ಕೂರಲು ಆಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಆಗದಿದ್ದರೆ ತರಬೇಡಿ. ಬಾಚುವಾಗ ಕಂಕುಳು, ಹೊಟ್ಟೆ, ಕಿವಿಯ ಹಿಂಭಾಗವನ್ನು ಬೆರಳಿಂದ ಮುಟ್ಟಿ ನೋಡಿ. ಗಂಟಾಗಿದ್ದರೆ ಸ್ನಾನ ಮಾಡಿಸಬೇಡಿ, ನೀರು ಬಿದ್ದರೆ ಅದು ಇನ್ನೂ ಬಿಗಿಯುತ್ತದೆ. ಕತ್ತರಿಯನ್ನಂತೂ ಹತ್ತಿರ ತರಬೇಡಿ. ಒಂದು ಹೊತ್ತು ಊಟ ಬಿಟ್ಟರೂ ವೈದ್ಯರನ್ನು ಕೇಳಿ. ಕೈತಪ್ಪಿ ಗಾಯವಾದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಅಂದೇ ಹೇಳಿ.

ಮರುದಿನ ರವಿಕೆ ಒಯ್ಯಲು ಬಂದ ಗಿರಾಕಿಯೊಬ್ಬಳು, “ಅಜ್ಜೀ, ಬೆಕ್ಕೆಲ್ಲಿ? ನಾನೂ ಅಂಥದ್ದೇ ಒಂದು ತರಬೇಕು ಅಂತಿದ್ದೀನಿ,” ಎಂದಳು. ಮೆಷಿನ್ ನಿಂತಿತು. ಮಂಜುಗಣ್ಣಿಗೆ ಮಗನ ಮುಖ ಕಾಣಲಿಲ್ಲ. ಆದರೂ ಅಜ್ಜಿ ಆ ಕಡೆಗೇ ತಿರುಗಿ ಕೂತರು.

“ಕಾಯಿಲೆ ಬಂದು ಹೋಯ್ತಮ್ಮ,” ಎಂದರು. ಗಿರಾಕಿಗಳು ಮಗನ ಕೈಯನ್ನು ನಂಬಿದ್ದರಿಂದಲೇ ಈ ಮನೆಯ ಒಲೆ ಉರಿಯುತ್ತಿತ್ತು; ಅವನ ಕತ್ತರಿ ತಪ್ಪಿತೆಂದು ತಿಳಿದರೆ ಅವರು ಬರುತ್ತಾರೆಯೇ? ಇನ್ನು ಯಾರು ಕೇಳಿದರೂ ಇಷ್ಟೇ ಹೇಳುವುದೆಂದು ಅವರು ನಿರ್ಧರಿಸಿದರು.